ಹಿಂದಿನ ತೂಕ

ಗುಡೇಮಾರನಹಳ್ಳಿ
14-11-2025, ಶುಕ್ರವಾರ

ನನ್ನ ಕಳ್ಳ ಮೊಮ್ಮಗ ಪುನೀತನಿಗೆ,

ಉಂಡೆಯಾ? ಜ್ವರ ಗಿರ ಬಂದಿಲ್ಲ ತಾನೆ? ಉಯ್ಯಂಬಳ್ಳಿಯಲ್ಲಿ ನಿನ್ನ ಸೋದರಮಾವ ಕೋಳಿ ಕುಯ್ದು ಹಾಕುತ್ತಿರಬಹುದು, ಅದು ನಿನ್ನ ಗಂಟಲಲ್ಲಿ ಇಳಿಯುತ್ತದೋ ಇಲ್ಲವೋ. ನನಗಂತೂ ಮುದ್ದೆ ಇಳಿಯುತ್ತಿಲ್ಲ. ಫೋನ್ ಆರಿಸಿಕೊಂಡು ಕೂತರೆ ಅಜ್ಜಿ ಸುಮ್ಮನಾಗುತ್ತಾಳೆ ಅಂದುಕೊಂಡೆಯಾ? ನಾಲ್ಕನೇ ಕ್ಲಾಸು ಓದಿದ ಕೈ ಇದು. ಅಕ್ಷರ ಸೊಟ್ಟಗಿದ್ದರೂ ಬೈಗುಳ ನೆಟ್ಟಗಿರುತ್ತದೆ.

ಸಾಬೀರನ ಬಲಗೈಯನ್ನು ಮೊಣಕೈ ಕೆಳಗೆ ಕತ್ತರಿಸಿ ತೆಗೆದರು. ಚನ್ನಪಟ್ಟಣದಲ್ಲಿ ಗೊಂಬೆ ಕಡೆಯುವ ಕೈ ಅದು. ನಿನ್ನ ತೊಟ್ಟಿಲಿಗೆ ಗಿಲಕಿ ಕಡೆದು ಕೊಟ್ಟಿದ್ದೂ ಅದೇ ಕೈ. ನಿನ್ನ ಟ್ರ್ಯಾಕ್ಟರ್ ಮುಂದಕ್ಕೆ ಮರ ಎತ್ತುವ ಇಕ್ಕಳ ಹಾಕಿಕೊಟ್ಟ ದಿನ ಮಾಗಡಿಯ ಮೆಕ್ಯಾನಿಕ್ ಅನಂತರಾಜು ಕಾಫಿ ಲೋಟ ಕೈಯಲ್ಲಿ ಹಿಡಿದೇ ಹೇಳಿದ್ದ: "ನೋಡಪ್ಪ, ಹಿಂದಕ್ಕೆ ಸಿಮೆಂಟ್ ತೂಕ ಕಟ್ಟದೆ ಮುಂದೆ ಎತ್ತಬ್ಯಾಡ, ಗಾಡಿ ಮುಗ್ಗರಿಸ್ತದೆ. ಎತ್ತುವಾಗ ಹತ್ರದಲ್ಲಿ ಒಂದು ನಾಯಿನೂ ಇರಬಾರ್ದು." ನೀನು ಏನಂದೆ? "ಅದನ್ನ ಕಟ್ಟಾದ್ರೊಳಗೆ ಅರ್ಧ ಗಂಟೆ ಹೋಯ್ತದೆ ಕಣಣ್ಣ, ನಮ್ಮಜ್ಜಿ ಐತಲ್ಲ, ಹಿಂದೆ ಕೂರುಸ್ಕೊಂಡ್ರಾಯ್ತು." ಎಲ್ಲರೂ ನಕ್ಕರು. ಮುಂಡೇದು, ನಾನೂ ನಕ್ಕೆ. ಅವತ್ತಿನಿಂದ ಹಿಂದಿನ ಹಲಗೆಯ ಮೇಲೆ ಎರಡು ಮರಳು ಚೀಲ, ನಡುವೆ ನಾನು.

ಹೋದ ವಾರದ ಬುಧವಾರ ನೀನು ಸಾಬೀರನ ಟೆಂಪೋಗೆ ಗೊಂಬೆ ಕಡೆಯುವ ಹಾಲೆಮರದ ತುಂಡು ಹೇರುತ್ತಿದ್ದೆ. ಕೊನೆಯ ಕಂತಿಗೆ ಇಕ್ಕಳ ತುಂಬಿ ತುಳುಕುವಷ್ಟು ಕಚ್ಚಿಸಿ ಆಳೆತ್ತರಕ್ಕೆ ಎತ್ತಿದೆ. ಸಾಬೀರ ಟೆಂಪೋ ಅಂಚಿನ ಮೇಲೆ ಕೈ ಊರಿ, "ಒಸಿ ಎಡಕ್ಕೆ" ಅನ್ನುತ್ತಿದ್ದ. ಟ್ರ್ಯಾಕ್ಟರಿನ ಹಿಂದಿನ ದೊಡ್ಡ ಚಕ್ರಗಳೆರಡೂ ನೆಲ ಬಿಟ್ಟವು. ಇಕ್ಕಳ ಬಂದು ಆ ಕೈಯ ಮೇಲೆಯೇ ಕೂತಿತು. ಮೂಳೆ ಮುರಿದ ಸದ್ದು ಕಬ್ಬು ಮುರಿದ ಹಾಗೆ. ನೀನು ಅದನ್ನು ಮೇಲೆತ್ತಿದಾಗ ರಕ್ತ ನನ್ನ ಸೀರೆಗೆ ಚಿಮ್ಮಿತು. ಮೂರು ಸಲ ಒಗೆದಿದ್ದೇನೆ, ಇನ್ನೂ ಹೋಗಿಲ್ಲ. ನೀನು ಅವನನ್ನು ಹೊತ್ತು ಮಲಗಿಸಿದೆ, ಅದು ಸರಿ. ಆಮೇಲೆ ಬೈಕ್ ಹತ್ತಿ ಓಡಿದೆ, ಅದು ಹೇಡಿ ಕೆಲಸ.

ಮೊನ್ನೆ ಸಾಬೀರನ ಅಣ್ಣ ರಸೂಲ್ ಒಬ್ಬನೇ ಬಂದಿದ್ದ. ನೀನೆಲ್ಲಿ ಎಂದು ಕೇಳಿದ. ನಿನ್ನಪ್ಪ ಮಧುಕುಮಾರ, "ಅಲ್ಲಿ ಕೈ ಇಡು ಅಂತ ಯಾವೋನ್ ಹೇಳ್ದ?" ಅಂದ. ರಸೂಲ್ ಅವನ ಕೊರಳಪಟ್ಟಿ ಹಿಡಿದು ಗೋಡೆಗೆ ಅಪ್ಪಳಿಸಿದ. ನಿನ್ನಪ್ಪ ಒಳಗೆ ನುಗ್ಗಿ ಮಚ್ಚು ತಂದು ರಸೂಲನ ತಲೆಗೇ ಬೀಸಿದ. ಅದು ಇಳಿಯುವ ಮೊದಲು ನಾನು ಒನಕೆಯಿಂದ ನಿನ್ನಪ್ಪನ ಮಣಿಕಟ್ಟಿಗೆ ಒಂದು ಕೊಟ್ಟೆ. ಹೆತ್ತು ಎತ್ತಿ ಆಡಿಸಿದ ಕೈಯಿಂದಲೇ ಕಣೋ. ಮೂಳೆ ಸೀಳಿ ಈಗ ಹಲಸಿನಕಾಯಿ ಹಾಗೆ ಊದಿದೆ, ನನ್ನ ಜೊತೆ ಮಾತಿಲ್ಲ. ರಸೂಲ್ ಬಾಗಿಲಲ್ಲಿ ನಿಂತು ಅತ್ತ. ಹೋಗುವಾಗ ಒಂದೇ ಮಾತು: "ಅಜ್ಜಿ, ಅವನು ಬಂದು ನನ್ನ ತಮ್ಮನ ಮುಂದೆ ನಿಂತ್ಕಳ್ಳಿ, ಸಾಕು."

ಮಾವನನ್ನೂ ಅತ್ತೆಯನ್ನೂ ನಾನು ಕೇಳಿದೆ ಅಂತ ತಿಳಿಸು. ತಣ್ಣೀರು ಕುಡಿಯಬೇಡ. ಮನೆದೇವರು ನಿನಗೆ ಆಯಸ್ಸಿನ ಜೊತೆ ಒಸಿ ಬುದ್ಧಿಯನ್ನೂ ಕೊಡಲಿ.

ನಿನ್ನ ಅಜ್ಜಿ,
ದೊಡ್ಡಲಕ್ಷ್ಮಮ್ಮ

ಪಕ್ಕದ ಮನೆ ಯಲ್ಲಮ್ಮ ಉಯ್ಯಂಬಳ್ಳಿಗೆ ಕಾಗದ ತಗೊಂಡು ಹೋಗಲು ಚಪ್ಪಲಿ ಮೆಟ್ಟಿ ನಿಂತಿದ್ದಾಳೆ, ಬೇಗ ಬರೆಯುತ್ತೇನೆ. ಆವತ್ತು ಚಕ್ರ ಎದ್ದಾಗ ನಾನು ಹಲಗೆಯ ಮೇಲೆ ಇರಲಿಲ್ಲ. ಹಿಪ್ಪುನೇರಳೆ ತೋಟಕ್ಕೆ ಆಡು ನುಗ್ಗಿತು ಅಂತ ನಿನಗೆ ಹೇಳದೆ ಇಳಿದಿದ್ದೆ, ಅದನ್ನು ಅಟ್ಟಿ ಟೆಂಪೋ ಪಕ್ಕಕ್ಕೆ ಬಂದಿದ್ದೆ ಅಷ್ಟೇ. ಇದನ್ನು ನಿನ್ನೆ ಆಸ್ಪತ್ರೆಯಲ್ಲಿ ಸಾಬೀರನಿಗೆ ಹೇಳಿದೆ. ಅವನು ಗೋಡೆ ಕಡೆ ಮುಖ ತಿರುಗಿಸಿಕೊಂಡ. ಸೋಮವಾರ ಪೊಲೀಸ್ ಸ್ಟೇಷನ್ನಿನಲ್ಲೂ ಹೇಳುತ್ತೇನೆ. ನೀನು ಬಾ. ಆವತ್ತು ಎತ್ತುವ ಮೊದಲು ನೀನು ಒಂದು ಸಲವೂ ಹಿಂದಕ್ಕೆ ತಿರುಗಿ ನೋಡಲಿಲ್ಲ. ಸೋಮವಾರ ಒಳಗೆ ಹೋಗುವಾಗ ತಿರುಗಿ ನೋಡು. ಹಿಂದೆ ನಾನಿರುತ್ತೇನೆ, ಈ ಸಲ ಇಳಿಯುವುದಿಲ್ಲ.