ಹಿರಡಗಡದ ಪೂರ್ವ ಬುರುಜಿನ ‘ತೃಪ್ತಿಕರ’ ಸ್ಥಿತಿ

ಕೋಟೆಕೊತ್ತಲಗಳ ರಕ್ಷಣೆಯ ಹೊಣೆ ಹೊತ್ತ ಮಾನ್ಯ ಅಧಿಕಾರಿಗಳೇ,

ನನಗೆ ಭಯವಾಗಿದೆ. ಸಾಸವಡದಾಚೆಯ ಹಿರಡಗಡ ಕೋಟೆಯ ಪೂರ್ವ ಬುರುಜು ಈ ಮಳೆಗಾಲ ದಾಟುವುದಿಲ್ಲ. ಅದರ ನೇರ ಕೆಳಗೆ ಅಂಗನವಾಡಿ ಇದೆ, ಅಲ್ಲಿ ಹತ್ತೊಂಬತ್ತು ಮಕ್ಕಳಿದ್ದಾರೆ. ಇದನ್ನು ತಿಳಿಸಿದ್ದಕ್ಕೆ ನೀವು ಕಳುಹಿಸಿದ್ದು ‘ಸಂರಕ್ಷಿತ ಗೋಡೆಗೆ ಹೊಡೆದದ್ದೇಕೆ’ ಎಂಬ ನೋಟಿಸು.

ಹೌದು, ಹೊಡೆದೆ. ಮರದ ಕೊಡತಿಯಿಂದ, ನಲವತ್ತು ಕಡೆ. ಬೆಳಗಾವಿ ಕಡೆಯ ನಮ್ಮ ಮನೆತನಕ್ಕೆ ಸುಲ್ತಾನರ ಕಾಲದಲ್ಲಿ ಈ ಗಡ ಜಹಗೀರಾಗಿ ಬಂತು. ಆನೆ ಹೋಯಿತು, ಅಂಬಾರಿ ಹೋಯಿತು, ವಾಡೆಯ ಚಾವಣಿಯೂ ಹೋಯಿತು. ಉಳಿದದ್ದು ಪುಣೆಯ ಕೊಂಢವಾದಲ್ಲೊಂದು ಬಾಡಿಗೆ ಫ್ಲ್ಯಾಟು ಮತ್ತು ಈ ಕೊಡತಿ. ಮಳೆಗೆ ಮೊದಲು ನಮ್ಮಲ್ಲೊಬ್ಬರು ಗಡ ಹತ್ತಿ, ಮಡಿಕೆ ಕೊಳ್ಳುವಾಗ ಬಡಿದು ನೋಡುವಂತೆ, ಬುರುಜುಗಳನ್ನು ಬಡಿದು ಕೇಳಬೇಕು. ಗಟ್ಟಿ ಗೋಡೆ ಖಣ್ ಎನ್ನುತ್ತದೆ. ಒಳಗೆ ಟೊಳ್ಳಾದದ್ದು ಬೊದ್ ಎನ್ನುತ್ತದೆ.

ಇದು ವೈಭವದ ಪದ್ಧತಿಯಲ್ಲ, ಪ್ರಾಯಶ್ಚಿತ್ತ. ನನ್ನ ಅಜ್ಜನ ಅಜ್ಜನಿಗೆ ಗೋಡೆ ಕಟ್ಟುವ ಒಬ್ಬ ಗವಂಡಿ ಪಶ್ಚಿಮ ಬುರುಜನ್ನು ಬಡಿದು ಆ ಬೊದ್ ಸದ್ದು ಕೇಳಿಸಿದ್ದ. ಜಹಗೀರು ಕೈತಪ್ಪೀತೆಂದು ಅವರು ಸರಕಾರಕ್ಕೆ ‘ಎಲ್ಲ ಕ್ಷೇಮ’ ಎಂದು ಬರೆದರು. ಶ್ರಾವಣದಲ್ಲಿ ಬುರುಜು ಏಳು ಮನೆಗಳ ಮೇಲೆ ಕುಸಿಯಿತು. ನನ್ನಜ್ಜ ಲೋಕನಾಥರು ಕೊಡತಿ ಒಪ್ಪಿಸುವಾಗ ಹೇಳಿದ್ದು ಇಷ್ಟೇ: “ಕೇಳಿದ ಮ್ಯಾಲೆ ಸುಮ್ಮ ಕುಂದರಬ್ಯಾಡವ್ವಾ. ನಮ್ಮ ಮನಿತನದಾಗ ಒಬ್ಬರು ಕುಂತದ್ದು ಸಾಕು.”

ಈ ಸಲ ಪೂರ್ವ ಬುರುಜು ಬುಡದಿಂದ ಆಳೆತ್ತರದವರೆಗೂ ಬೊದ್ ಎಂದಿತು. ಅಂದೇ ನಿಮಗೆ ಬರೆದೆ. ನಿಮ್ಮ ಸಿಬ್ಬಂದಿ ಬಂದರಂತೆ. ಗಡ ಹತ್ತಿದರೇ? ಅಥವಾ ಬುರುಜಿನ ಹೊಟ್ಟೆಯೊಳಗಿನದು ಜೀಪು ನಿಂತಲ್ಲಿಗೇ ಕಾಣಿಸಿತೇ? ಅಂಥ ಕಣ್ಣು ನಮ್ಮ ವಂಶದಲ್ಲಿ ಯಾರಿಗೂ ಇರಲಿಲ್ಲ.

ನೋಟಿಸು ಬಂದ ಮೇಲೆ ನಾನು ಗಡದ ಬುಡದ ಪುಟ್ಟ ಊರಿಗೆ ಹೋದೆ. ಅಲ್ಲಿನ ಬಾಳು ಎಂಬವರನ್ನು, ನಿಮ್ಮ ಮಗಳು ನೀಲಿಮಾಳನ್ನು ಅಂಗನವಾಡಿಗೆ ಕಳುಹಿಸಬೇಡಿ ಎಂದು ಬೇಡಿಕೊಂಡೆ. ಅವರು ಸಮಾಧಾನದಿಂದ ನನ್ನನ್ನು ಅಂಗನವಾಡಿಯ ಬಾಗಿಲಿಗೆ ಕರೆದೊಯ್ದರು. ಅಲ್ಲಿ ನಿಮ್ಮ ಪತ್ರ ಅಂಟಿಸಿತ್ತು: ‘ಬುರುಜಿನ ಸ್ಥಿತಿ ತೃಪ್ತಿಕರ.’ ಸಾಹೇಬರು ನೋಡದೆ ಬರೆಯುತ್ತಾರೆಯೇ ತಾಯಿ ಎಂದು ಮರಾಠಿಯಲ್ಲಿ ಕೇಳಿದರು. ಒಳಗೆ ಮಕ್ಕಳು ಊಟಕ್ಕೆ ಕುಳಿತಿದ್ದರು.

ಅಂದಿನಿಂದ ನನಗೆ ಬುರುಜಿಗಿಂತ ಆ ಕಾಗದದ ಭಯವೇ ಹೆಚ್ಚು. ನನ್ನ ಮಾತು ನಂಬಿ ಹೊರಡಬಹುದಾಗಿದ್ದವರನ್ನು ಅದು ಅಲ್ಲೇ ಕೂರಿಸಿದೆ.

ಸೋಮವಾರದೊಳಗೆ ಅಂಗನವಾಡಿಯನ್ನು ಬೇರೆಡೆಗೆ ಸಾಗಿಸಿ. ನನ್ನನ್ನು ನಂಬಬೇಕಿಲ್ಲ, ಕೊಡತಿ ತರುತ್ತೇನೆ, ಬಾಳು ಅವರ ಎದುರಿನಲ್ಲಿ ನೀವೇ ಬಡಿದು ಕೇಳಿ. ಅದೂ ಆಗದಿದ್ದರೆ ಬಾಗಿಲ ಮೇಲಿನ ಆ ಒಂದು ಪದವನ್ನಾದರೂ ಹಿಂಪಡೆಯಿರಿ. ನನ್ನ ಮೇಲಿನ ಕ್ರಮ ಆಮೇಲೆ ನಡೆಯಲಿ, ತಪ್ಪಿಸಿಕೊಳ್ಳುವುದಿಲ್ಲ. ನಿನ್ನೆ ಸಂಜೆ ಸಾಸವಡದಲ್ಲಿ ಮೊದಲ ಮಳೆ ಬಿದ್ದಿದೆ.

ಇಂತಿ,
‘ಎಲ್ಲ ಕ್ಷೇಮ’ ಎಂದು ಬರೆದವರ ವಂಶದವಳು,
ನರ್ಮದಾ ಕಿಲ್ಲೇದಾರ
ಕೊಂಢವಾ, ಪುಣೆ