ಮಂದೆಯ ಮುಂದಿನ ಮೇಕೆ

ರಾಯದುರ್ಗ

ಅಪ್ಪನಿಗೆ ನಾಗವೇಣಿಯ ನಮಸ್ಕಾರ.

ನಿನ್ನ ಮೊಣಕಾಲಿಗೆಂದು ನಾನು ಕಳಿಸಿದ, ಕೀಲಿಗೆ ಶಕ್ತಿ ಕೊಡುವ ಮಾತ್ರೆಗಳನ್ನು ಬೆಲ್ಲದಲ್ಲಿಟ್ಟು ಮುದಿ ಮೇಕೆಗೆ ತಿನ್ನಿಸುತ್ತಿದ್ದೀಯಂತೆ. ತಮ್ಮ ಪ್ರಸಾದ ಫೋನಿನಲ್ಲಿ ಹೇಳಿದಾಗ ಸಿಟ್ಟೇ ಬಂತು. ಯಾಕಂತೆ ಎಂದು ಕೇಳಿದೆ. ನೀನಂದದ್ದನ್ನು ಹಾಗೇ ಒಪ್ಪಿಸಿದ: "ನಾನು ಕುಂತ್ರೆ ನಾನೊಬ್ನೇ ಕುಂತಂಗೆ. ಮುಂದೆ ನಡೆಯೋ ಮೇಕೆ ಕುಂತ್ರೆ ಮಂದೆಯೆಲ್ಲಾ ನಿಂತೋಗ್ತದೆ." ಇಡೀ ದಿನ ಹೊಲಿಗೆ ಮಿಷನ್ ತುಳಿಯುತ್ತಾ ಅದೇ ಮಾತು ನೆನೆದೆ.

ಜೀನ್ಸ್ ಹೊಲಿಯುವ ನಮ್ಮ ಸಾಲಿನಲ್ಲಿ ಮೊದಲ ಮಿಷನ್ ಶಾಂತಕುಮಾರಿ ಅಕ್ಕನದು. ಅವರು ಜೇಬು ಹೊಲಿದು ಕೊಟ್ಟರೇ ನಮಗೆಲ್ಲ ಕೆಲಸ. ಪಾಪ, ಮೊಣಕಾಲು ಹಿಡಿದುಕೊಂಡು ಎದ್ದೆದ್ದು ನಿಲ್ಲುತ್ತಿದ್ದರು. ಮಿಷನ್ ತುಳಿದು ನೋಯುವ ನನ್ನ ಮೊಣಕಾಲಿಗೆಂದು ತಂದಿಟ್ಟುಕೊಂಡಿದ್ದ ಅದೇ ಮಾತ್ರೆಗಳನ್ನು ಮರುದಿನ ಅವರಿಗೆ ಕೊಟ್ಟೆ.

"ನಿನ್ಗ ಬ್ಯಾಡೇನವ್ವ?" ಅಂದರು.

ನಿನ್ನ ಮಾತನ್ನೇ ಹೇಳಿದೆ.

ಈಗ ಎರಡು ಡಬ್ಬಿ ಕಳಿಸುತ್ತಿದ್ದೇನೆ. ನೀಲಿ ದಾರ ಕಟ್ಟಿದ್ದು ಮೇಕೆಗೆ, ಹಳದಿ ದಾರದ್ದು ನಿನಗೆ. ಹಳದಿ ದಾರದ್ದೇ ಇನ್ನೊಂದು ನನ್ನ ಮೊಣಕಾಲಿಗೆಂದು ನನ್ನ ಹತ್ತಿರವಿದೆ. ನೀನು ನುಂಗಿದೆ ಎಂದು ಪ್ರಸಾದ ಹೇಳುವವರೆಗೆ ಅದನ್ನು ಬಿಚ್ಚುವುದಿಲ್ಲ.

ನಿನ್ನಂಥದೇ ಹಟದ ಮಗಳು,
ನಾಗವೇಣಿ