ಚೈನ್ ಜಾರಿದೆ ಎಂದುಬಿಡಿ

ಮಾವನವರಿಗೆ ನಮಸ್ಕಾರ.

ರಾತ್ರಿ ಎರಡಕ್ಕೆ ಢಮ್ ಎಂದು ಸದ್ದಾಗಿ ಮಗು ಕಿರುಚಿಕೊಂಡು ಎದ್ದಿತು, ಜೊತೆಗೆ ನಾನೂ. ನಿಮ್ಮ ಮಗ ಬಿಚ್ಚಿ ಹೊಸದಾಗಿ ಕಟ್ಟಿದ ವ್ಯಾನಿನ ಎಂಜಿನ್ ಮತ್ತೆ ಸೈಲೆನ್ಸರಿನಲ್ಲಿ ಸಿಡಿದಿತ್ತು. ನನ್ನನ್ನು ಶೆಡ್ಡಿಗೆ ಎಳೆದೊಯ್ದು ಕೀಲಿ ತಿರುಗಿಸಲು ಕೂರಿಸಿದರು. ಎಂಜಿನ್ ಮುಗ್ಗರಿಸಿ ಮಿಸ್ ಹೊಡೆದಾಗಲೆಲ್ಲ ನನಗೊಂದು ಏಟು. "ಡಿಗ್ರಿ ಮಾಡಿದೀಯಲ್ಲ, ಹೇಳೇ, ಯಾಕೆ ಮಿಸ್ ಹೊಡೀತಿದೆ?" ಎನ್ನುತ್ತ ಸ್ಪ್ಯಾನರಿನಿಂದ ನನ್ನ ಫೋನ್ ಪುಡಿ ಮಾಡಿದರು. ಫೋನು ಕೈಯಲ್ಲೇ ಇತ್ತು. ಅಕ್ಷರ ಸೊಟ್ಟಗಿದ್ದರೆ ಕ್ಷಮಿಸಿ.

ಎಂಜಿನ್ ಯಾಕೆ ಮಿಸ್ ಹೊಡೆಯುತ್ತಿದೆ ಎಂದು ನನಗೆ ಗೊತ್ತು. ಬೆಳಗ್ಗೆ ಅದೇ ವ್ಯಾನಿನಲ್ಲಿ ಮಗುವನ್ನು ಒಯ್ದು, ನನಗೆ ಸಿಗದ ಕಡೆ ಬಿಟ್ಟು ಬರುತ್ತಾರಂತೆ. ಅದಕ್ಕೇ ಸಂಜೆ ಎರಡು ಪ್ಲಗ್ ವೈರುಗಳನ್ನು ಅದಲುಬದಲು ಮಾಡಿದೆ. "ಹಿಂಗೆ ಮಾಡಿದ್ರೆ ಎಂಜಿನ್‌ಗೆ ಹುಚ್ಚು ಹಿಡಿಯುತ್ತೆ ಕಣಮ್ಮಾ" ಎಂದು ನೀವೇ ಒಮ್ಮೆ ನಗುತ್ತ ತೋರಿಸಿದ್ದಿರಿ. ತಾವೇ ಹಾಕಿದ್ದೆಂದು ಇವರು ಇನ್ನೂ ಆ ಕಡೆ ನೋಡಿಲ್ಲ. ನೋಡಿದರೆ ನನ್ನನ್ನು ಉಳಿಸುವುದಿಲ್ಲ.

ರಾತ್ರಿ ಇವರು ಫೋನ್ ಮಾಡಿ ಎಂಜಿನ್ನಿಗೆ ಏನಾಗಿದೆ ಎಂದು ಕೇಳಿದ್ದಕ್ಕೆ, ಯೋಚಿಸಿ ಬೆಳಗ್ಗೆ ಹೇಳುತ್ತೇನೆ ಎಂದಿದ್ದೀರಂತೆ. ದಯವಿಟ್ಟು ವೈರು ನೋಡು ಎನ್ನಬೇಡಿ. ಒಳಗಿನ ಟೈಮಿಂಗ್ ಚೈನ್ ಒಂದು ಹಲ್ಲು ಜಾರಿದೆ, ಎಂಜಿನ್ನಿನ ಮುಂಭಾಗವೆಲ್ಲ ಬಿಚ್ಚು ಎಂದುಬಿಡಿ. ಬಿಚ್ಚುವಷ್ಟರಲ್ಲಿ ಮಧ್ಯಾಹ್ನವಾಗುತ್ತದೆ, ಅಷ್ಟರೊಳಗೆ ಮಗುವನ್ನೆತ್ತಿಕೊಂಡು ಹಿತ್ತಲ ಬಾಗಿಲಿನಿಂದ ತವರಿಗೆ ಹೊರಟುಬಿಡುತ್ತೇನೆ. ಎಂಜಿನ್ ವಿಷಯದಲ್ಲಿ ನೀವು ಯಾರಿಗೂ ಸುಳ್ಳು ಹೇಳಿದವರಲ್ಲ. ಇವರು ನಂಬುವುದೂ ಅದಕ್ಕೇ.

ನಿಮ್ಮ ಊರಿನ ಕಡೆಗೇ ಹೊರಟಿರುವ ಪಕ್ಕದ ಮನೆಯ ಹಾಲಿನ ಲಾರಿ ಡ್ರೈವರಿಗೆ ಈ ಕಾಗದವನ್ನು ಕಿಟಕಿಯಿಂದ ಕೊಡುತ್ತಿದ್ದೇನೆ. ಇವರು ಮತ್ತೆ ಟಾರ್ಚ್ ಹುಡುಕುತ್ತಿದ್ದಾರೆ. ಬೆಳಕು ಹರಿಯುವ ಮೊದಲೇ ಇವರಿಗೆ ಫೋನ್ ಮಾಡಿ ಮಾವಾ, ಕೈ ಮುಗಿಯುತ್ತೇನೆ.

ಇಂತಿ,
ನಿಮ್ಮ ಸೊಸೆ